ದಮ್ಮಿನ ಲೆಕ್ಕ

ಕನ್ನಡದ ‘ದಮ್ಮು’ ಎಂಬ ಮಾತಿಗೆ ಮೂರು ಅರ್ಥಗಳುಂಟು. ಬೀಡಿಯನ್ನೋ ಚಿಲುಮೆಯನ್ನೋ ತುಟಿಗಿಟ್ಟು ಒಮ್ಮೆ ಎಳೆದರೆ ಅದು ಒಂದು ದಮ್ಮು. ಏರುದಾರಿಯಲ್ಲಿ ನಡೆಯಲಾರದೆ ನಿಂತು ಏದುಸಿರು ಬಿಡುವವನನ್ನು ಕಾಡುವ ಕಾಯಿಲೆಯೂ ದಮ್ಮು. ಇನ್ನು, ಎಂಥ ಕೆಲಸಕ್ಕೂ ಹಿಂಜರಿಯದ ಗಟ್ಟಿಗನನ್ನು ಕಂಡು ‘ದಮ್ಮಿರುವ ಆಳು’ ಎನ್ನುತ್ತೇವಲ್ಲ, ಆ ಕಸುವೂ ದಮ್ಮೇ. ಪಾರಸಿ ಭಾಷೆಯಲ್ಲಿ ‘ದಮ್’ ಎಂದರೆ ಉಸಿರು. ಆ ಒಂದು ಉಸಿರು ನಮ್ಮ ನುಡಿಯೊಳಗೆ ಬಂದು ಹೀಗೆ ಮೂರಾಗಿ ಒಡೆದುಕೊಂಡಿತು. ನಿಘಂಟುಕಾರರು ಈ ಮೂರನ್ನೂ ಒಂದರ ಕೆಳಗೊಂದು ಬರೆದು ಸುಮ್ಮನಾಗಬಹುದು. ಆದರೆ ಇವುಗಳ ನಡುವೆ ಕಾರ್ಯಕಾರಣ ಸಂಬಂಧವೊಂದು ಇದೆ. ಅದನ್ನು ಲೋಕ ಕಂಡುಕೊಂಡ ಬಗೆಯನ್ನೂ, ಆ ಲೆಕ್ಕದೊಳಗೆ ಹೆಂಗಸರು ತೀರ ತಡವಾಗಿ ಸೇರಿದ ಬಗೆಯನ್ನೂ ಕುರಿತು ಈಗ ಕೆಲವು ಮಾತು.

ನನ್ನ ಮನಸ್ಸಿನಲ್ಲಿರುವ ಸೀಮೆ ಬಂಡಳ್ಳಿಯ ಕಡೆಯದು. ಈಗ ಹನೂರು ತಾಲ್ಲೂಕಿಗೆ ಸೇರಿದ ಈ ಊರು ಹಿಂದೆ ಕೊಳ್ಳೇಗಾಲ ತಾಲ್ಲೂಕಿನಲ್ಲಿತ್ತು. ಆ ಕೊಳ್ಳೇಗಾಲವಾದರೋ 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರುವವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯ ಒಂದು ಭಾಗ. ಮಾದಪ್ಪನ ಬೆಟ್ಟ, ಸಿದ್ದಪ್ಪಾಜಿಯ ಚಿಕ್ಕಲ್ಲೂರು, ಮಗ್ಗದ ಮೇಲಿನ ರೇಷ್ಮೆ, ಇವುಗಳಿಂದ ಹೆಸರಾದ ನಾಡು. ಎಲೆ ಅಡಕೆಯ ಸಂಚಿಯಿಲ್ಲದೆ ಹಿರಿಯರು ಹೊರಗೆ ಹೊರಡದಿದ್ದ ನಾಡು ಕೂಡ. ಗಂಡಸಿನ ಕಿವಿಯ ಸಂದಿನಲ್ಲಿ ಒಂದು ಬೀಡಿ, ಹೆಂಗಸಿನ ಮಡಿಲಿನಲ್ಲಿ ಒಂದಿಷ್ಟು ಕಡ್ಡಿಪುಡಿ: ತೆಂಕಣ ಕನ್ನಡ ನಾಡಿನ ಹಳ್ಳಿಗಳಲ್ಲಿ ಈ ಚಿತ್ರ ಎಷ್ಟು ಸಹಜವಾಗಿತ್ತೆಂದರೆ, ಇದು ಅನಾದಿಯಿಂದ ಬಂದದ್ದೆಂದೇ ಜನ ನಂಬಿದ್ದರು. ಅನಾದಿಯಲ್ಲ. ತಾಂಬೂಲ ಹಳೆಯದು, ಅದರೊಳಗೆ ಸೇರಿದ ಸೊಪ್ಪು ಹೊಸದು. ನಾನೂರು ವರ್ಷಗಳ ಆಚೆಗೆ ಹೊಗೆಸೊಪ್ಪಿನ ಸುಳಿವು ಈ ನೆಲದಲ್ಲಿಲ್ಲ.

ಅಮೆರಿಕ ಖಂಡದ ಗಿಡವದು. ಸ್ಪೇನ್ ಪೋರ್ಚುಗಲ್ಲುಗಳ ನಾವಿಕರು ಅದನ್ನು ಯುರೋಪಿಗೆ ತಂದರು. ಲಿಸ್ಬನ್ನಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜಾನ್ ನಿಕೋ ಎಂಬಾತ 1560ರ ಸುಮಾರಿಗೆ ತನ್ನ ಅರಮನೆಗೆ ಅದನ್ನು ಔಷಧವೆಂದು ಕಳುಹಿಸಿಕೊಟ್ಟ. ಸೊಪ್ಪಿನೊಳಗಿನ ವಿಷಕ್ಕೆ ‘ನಿಕೋಟಿನ್’ ಎಂಬ ಹೆಸರು ಬಂದದ್ದು ಆತನಿಂದ. ಪೋರ್ಚುಗೀಸರ ಹಡಗುಗಳೊಡನೆ ಅದು ನಮ್ಮ ಪಶ್ಚಿಮ ಕರಾವಳಿಗೂ ಇಳಿಯಿತು. ಉತ್ತರ ಹಿಂದೂಸ್ಥಾನಕ್ಕೆ ಅದು ಹೋದದ್ದು ನಮ್ಮ ಬಿಜಾಪುರದಿಂದ ಎಂಬುದು ಚರಿತ್ರೆಯಲ್ಲಿ ದಾಖಲಾದ ಸಂಗತಿ. ಅಕ್ಬರನ ಅಧಿಕಾರಿ ಅಸದ್ ಬೇಗ್ 1604ರ ಹೊತ್ತಿಗೆ ಆದಿಲಶಾಹಿ ಆಸ್ಥಾನಕ್ಕೆ ರಾಯಭಾರಿಯಾಗಿ ಬಂದಿದ್ದವನು, ಅಲ್ಲಿ ತಾನು ಹಿಂದೆಂದೂ ಕಂಡಿರದ ಈ ಸೊಪ್ಪನ್ನು ಕಂಡ. ಒಂದಷ್ಟನ್ನು ಕೊಂಡು, ರತ್ನ ಕೆತ್ತಿಸಿದ ಸೊಗಸಾದ ಕೊಳವೆಯೊಂದನ್ನು ಸಿದ್ಧಮಾಡಿಸಿ, ಆಗ್ರಾದಲ್ಲಿ ಬಾದಶಹನ ಮುಂದಿಟ್ಟ. ಅಕ್ಬರ್ ಕುತೂಹಲದಿಂದ ಎರಡು ಮೂರು ದಮ್ಮು ಎಳೆದ. ಬಳಿಯಲ್ಲಿದ್ದ ಹಕೀಮರಿಗೆ ಇದು ಸರಿಬರಲಿಲ್ಲ. ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಮಾತಿಲ್ಲ, ಇದನ್ನು ಯಾರೂ ಪರೀಕ್ಷಿಸಿ ನೋಡಿಲ್ಲ, ಪರೀಕ್ಷೆಯಾಗದ ವಸ್ತುವನ್ನು ಪ್ರಭುಗಳು ಸೇವಿಸಬಾರದು ಎಂಬುದು ಅವರ ಆಕ್ಷೇಪ. ಅಸದ್ ಬೇಗ್ ಬಿಡಲಿಲ್ಲ. ಲೋಕದಲ್ಲಿ ಪ್ರತಿಯೊಂದು ಪದ್ಧತಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತಲ್ಲವೇ ಎಂದು ವಾದ ಹೂಡಿದ. ವಾದದಲ್ಲಿ ಗೆದ್ದವನು ಅವನೇ. ಅಕ್ಬರ್ ಮಾತ್ರ ಮುಂದೆ ಅದನ್ನು ಮುಟ್ಟಲಿಲ್ಲ. ಆದರೆ ಆಸ್ಥಾನದ ಸರದಾರರು ಮುಗಿಬಿದ್ದರು, ವರ್ತಕರು ಮಾರಲಾರಂಭಿಸಿದರು. 1617ರಲ್ಲಿ ಜಹಾಂಗೀರ್ ನಿಷೇಧದ ಆಜ್ಞೆ ಹೊರಡಿಸುವ ವೇಳೆಗೆ ಹೊಗೆ ನಾಡನ್ನೇ ತುಂಬಿಕೊಂಡಿತ್ತು. ಆಜ್ಞೆ ಕಾಗದದಲ್ಲೇ ಉಳಿಯಿತು.

ಆ ಹಕೀಮರ ಆಕ್ಷೇಪವನ್ನು ಓದಿದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಅವರು ಇದು ವಿಷವೆಂದು ಹೇಳಲಿಲ್ಲ. ಹೇಳುವಷ್ಟು ಅವರಿಗೆ ತಿಳಿದಿರಲೂ ಇಲ್ಲ. ಪರೀಕ್ಷೆ ಆಗಲಿ ಎಂದರು, ಅಷ್ಟೆ. ಆ ಪರೀಕ್ಷೆ ನಡೆಯುವುದಕ್ಕೆ ಸುಮಾರು 350 ವರ್ಷ ಹಿಡಿಯಿತು.

ಅಷ್ಟರಲ್ಲಿ ಸೊಪ್ಪು ನಮ್ಮದೇ ಆಯಿತು. ಹೆಸರೂ ಆಯಿತು. ‘ತಂಬಾಕು’ ಪರದೇಶದ ಪದ; ಆದರೆ ‘ಹೊಗೆಸೊಪ್ಪು’ ಎಂಬುದು ಅಚ್ಚಗನ್ನಡ, ನೆರೆಯ ತಮಿಳಿನ ‘ಪುಗೈಯಿಲೈ’ ಕೂಡ ಅದೇ ಅಚ್ಚಿನದು. ಜಗಿಯುವುದಕ್ಕೂ ಹೊಗೆಯ ಹೆಸರೇ ಅಂಟಿಕೊಂಡಿರುವುದು ತಮಾಷೆ. ತಮಿಳಿನ ‘ಸುರುಟ್ಟು’ ನಮ್ಮಲ್ಲಿ ಚುಟ್ಟವಾಯಿತು, ಇಂಗ್ಲಿಷಿನವರ ಬಾಯಲ್ಲಿ ಚೆರೂಟ್ ಆಯಿತು. ಕೊಯಮತ್ತೂರು ಜಿಲ್ಲೆ ಜಗಿಯುವ ಸೊಪ್ಪಿಗೆ ಹೆಸರುವಾಸಿ. ಮಲಬಾರು ಮತ್ತು ಕನ್ನಡ ಜಿಲ್ಲೆಗಳಲ್ಲಿ ಹೊಗೆಸೊಪ್ಪಿನ ಮಾರಾಟವನ್ನು ಕಂಪನಿ ಸರ್ಕಾರ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ತನ್ನ ಏಕಸ್ವಾಮ್ಯವನ್ನಾಗಿ ಇಟ್ಟುಕೊಂಡಿತ್ತು. ಈ ಚಟದ ಮೇಲೆ ದೊರೆತನಗಳ ಕಣ್ಣು ಮೊದಲಿನಿಂದಲೂ ಎರಡು ಬಗೆ. ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆ, ಅಸದ್ ಬೇಗ್ ಬಿಜಾಪುರದಲ್ಲಿದ್ದ ಅದೇ 1604ರಲ್ಲಿ, ಧೂಮಪಾನವನ್ನು ಬಯ್ದು ಪುಸ್ತಕ ಬರೆದ; ಅದೇ ವರ್ಷ ಸೊಪ್ಪಿನ ಮೇಲಿನ ಸುಂಕವನ್ನೂ ವಿಪರೀತವಾಗಿ ಏರಿಸಿದ.

ಬೀಡಿ ಬಹಳ ಈಚಿನದು. ತೂಪರೆಯ ಎಲೆಯಲ್ಲಿ ಚಿಟಿಕೆ ಸೊಪ್ಪನ್ನು ಸುತ್ತಿ ನೂಲು ಕಟ್ಟುವ ಈ ಕಸುಬು ಇಪ್ಪತ್ತನೆಯ ಶತಮಾನದಲ್ಲಿ ಬೆಳೆಯಿತು. ಸ್ವದೇಶಿ ಚಳವಳಿಯ ಕಾಲದಲ್ಲಿ ವಿದೇಶಿ ಸಿಗರೇಟನ್ನು ಬಿಟ್ಟವರ ಕೈಗೆ ಬೀಡಿ ಬಂದು, ಅದಕ್ಕೊಂದು ದೇಶಾಭಿಮಾನದ ಕಳೆಯೂ ಕೂಡಿತು. ಮಂಗಳೂರಿನ ಸುತ್ತ ಬೀಡಿ ಕಟ್ಟುವುದು ಸಾವಿರಾರು ಮನೆಗಳ ಹೆಂಗಸರ ಜೀವನೋಪಾಯವಾಯಿತು. ಇತ್ತ ಪೇಟೆಗಳಲ್ಲಿ ಸಿಗರೇಟು ಬುದ್ಧಿವಂತರ ಲಾಂಛನವೆನಿಸಿತು. ನಮ್ಮ ಸಾಹಿತ್ಯಲೋಕವೇನೂ ಇದಕ್ಕೆ ಹೊರತಲ್ಲ. ಕೈಲಾಸಂ ಅವರನ್ನು ನೆನೆದರೆ ಸಿಗರೇಟೂ ಜೊತೆಗೇ ನೆನಪಾಗುತ್ತದೆ. ಹೊಗೆಯಿಲ್ಲದೆ ಹೊಳಹಿಲ್ಲ ಎಂದು ನಂಬಿದ ಲೇಖಕರ ಒಂದು ಪೀಳಿಗೆಯೇ ನಮ್ಮಲ್ಲಿ ಆಗಿಹೋಯಿತು. ಅವರ ಮನೆಯ ಹೆಣ್ಣುಮಕ್ಕಳು ಆ ಕೋಣೆಗಳಲ್ಲಿ ಎಷ್ಟು ಕೆಮ್ಮಿದರೆಂಬುದನ್ನು ಯಾವ ಆತ್ಮಕಥೆಯೂ ಬರೆದಿಡಲಿಲ್ಲ.

ಇನ್ನು ಆ ಪರೀಕ್ಷೆಯ ಮಾತು. 1950ರಲ್ಲಿ ಅಮೆರಿಕದ ವೈಂಡರ್ ಮತ್ತು ಗ್ರಹಾಂ, ಬ್ರಿಟನ್ನಿನ ಡಾಲ್ ಮತ್ತು ಹಿಲ್, ಬೇರೆಬೇರೆಯಾಗಿ ಒಂದೇ ನಿರ್ಣಯಕ್ಕೆ ಬಂದರು: ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಬಲವಾದ ನಂಟಿದೆ. ನಂಬದವರೇ ಹೆಚ್ಚು. ಆದ್ದರಿಂದ ಡಾಲ್ ಮತ್ತು ಹಿಲ್ 1951ರಲ್ಲಿ ಬ್ರಿಟನ್ನಿನ ವೈದ್ಯರಿಗೇ ಪತ್ರ ಬರೆದು ಅವರವರ ಧೂಮಪಾನದ ವಿವರ ಕೇಳಿದರು. ಆಮೇಲೆ ಅವರಲ್ಲಿ ಯಾರು ಯಾವಾಗ ಯಾವ ಕಾಯಿಲೆಯಿಂದ ತೀರಿಕೊಂಡರೆಂದು ತಾಳ್ಮೆಯಿಂದ ಬರೆದಿಡುತ್ತ ಕೂತರು. ಆ 34,439 ಮಂದಿ ಗಂಡು ವೈದ್ಯರ ಐವತ್ತು ವರ್ಷಗಳ ಲೆಕ್ಕ 2004ರಲ್ಲಿ ಹೊರಬಂತು. ಸೇದುವುದನ್ನು ಬಿಡದವರು ಸರಾಸರಿ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಹಕೀಮರು ಕೇಳಿದ ಪರೀಕ್ಷೆಗೆ ಉತ್ತರ ಅಂತೂ ದೊರೆಯಿತು.

ಆದರೆ ಗಮನಿಸಬೇಕು: ಉತ್ತರ ಗಂಡಸರದು. ಪತ್ರಕ್ಕೆ ಉತ್ತರಿಸಿದ ವೈದ್ಯೆಯರೂ ಆರು ಸಾವಿರಕ್ಕೆ ಮೇಲ್ಪಟ್ಟು ಇದ್ದರು. ಅವರ ಲೆಕ್ಕ ಪ್ರತ್ಯೇಕವಾಗಿ ಪ್ರಕಟವಾಗುವ ಹೊತ್ತಿಗೆ 1980 ಬಂದಿತ್ತು. 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ಹೊರಡಿಸಿದ ಪ್ರಸಿದ್ಧ ವರದಿಯೂ ಗಂಡಸರ ವಿಷಯದಲ್ಲಿ ಖಚಿತವಾಗಿ ತೀರ್ಪು ಕೊಟ್ಟು, ಹೆಂಗಸರ ಮಟ್ಟಿಗೆ ಆಧಾರ ಕಡಮೆ, ಆದರೆ ಅದೇ ದಿಕ್ಕನ್ನು ತೋರಿಸುತ್ತದೆ ಎಂದು ಹೇಳಿ ಮುಂದೆ ಹೋಯಿತು. ಸಿಗರೇಟಿನ ವರ್ತಕರಿಗೆ ಮಾತ್ರ ಇಂಥ ಮರೆವು ಇರಲಿಲ್ಲ. 1929ರಲ್ಲಿಯೇ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ತರುಣಿಯರ ಕೈಗೆ ಸಿಗರೇಟು ಕೊಟ್ಟು ಅದನ್ನು ‘ಸ್ವಾತಂತ್ರ್ಯದ ಪಂಜು’ ಎಂದು ಕರೆದವನು ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರ ನಿಪುಣ. ಹೆಣ್ಣಿನ ಸ್ವಾತಂತ್ರ್ಯದ ಹೆಸರಿನಲ್ಲಿ ನಡೆದ ವ್ಯಾಪಾರಗಳಲ್ಲಿ ಇದಕ್ಕಿಂತ ನಾಚಿಕೆಗೆಟ್ಟದ್ದು ಇನ್ನೊಂದಿದೆಯೆಂದು ನಾನು ತಿಳಿದಿಲ್ಲ. ಆ ಪಂಜಿನ ಬೆಲೆ 2013ರಲ್ಲಿ ತಿಳಿಯಿತು. ಬ್ರಿಟನ್ನಿನ ಹತ್ತು ಲಕ್ಷಕ್ಕೂ ಮೇಲ್ಪಟ್ಟ ಹೆಂಗಸರನ್ನು ಅನುಸರಿಸಿದ ಅಧ್ಯಯನದಲ್ಲಿ, ಗಂಡಸರಂತೆಯೇ ಸೇದಿದ ಹೆಂಗಸರು ಗಂಡಸರಂತೆಯೇ ಹತ್ತು ವರ್ಷ ಕಳೆದುಕೊಂಡಿದ್ದರು.

ನಮ್ಮ ದೇಶದ ಲೆಕ್ಕವೋ? 2003ರಲ್ಲಿ ಗಜಲಕ್ಷ್ಮಿ ಮತ್ತು ಸಂಗಡಿಗರು ತಮಿಳುನಾಡಿನಲ್ಲಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಸೇದುವ ಗಂಡಸರು ಕ್ಷಯದಿಂದ ಸಾಯುವ ಸಂಭವ ಸೇದದವರದಕ್ಕಿಂತ ಸುಮಾರು ನಾಲ್ಕು ಪಟ್ಟು ಎಂದು ಅದು ತೋರಿಸಿತು. ಕ್ಷಯವನ್ನು ಬಡತನದ ರೋಗವೆಂದು ತಿಳಿದಿದ್ದ ನಮಗೆ ಅದರೊಳಗೆ ಬೀಡಿಯ ಪಾಲೂ ಇದೆಯೆಂದು ಗೊತ್ತಾಯಿತು. ಅದೂ ಗಂಡಸರ ಲೆಕ್ಕವೇ. 2008ರಲ್ಲಿ ಪ್ರಭಾತ್ ಝಾ ಮತ್ತು ಜೊತೆಯವರು ದೇಶದ 11 ಲಕ್ಷ ಮನೆಗಳನ್ನು ಆಧರಿಸಿ ಬರೆದ ಲೇಖನದಲ್ಲಿ ಭಾರತದ ಹೆಂಗಸರಿಗೂ ಸರಿಯಾದ ಸ್ಥಾನ ದೊರೆಯಿತು. ಸಿಗರೇಟು ಸೇದುವ ಗಂಡಸು ಸುಮಾರು ಹತ್ತು ವರ್ಷ, ಬೀಡಿ ಸೇದುವ ಗಂಡಸು ಸುಮಾರು ಆರು ವರ್ಷ, ಬೀಡಿ ಸೇದುವ ಹೆಂಗಸು ಸುಮಾರು ಎಂಟು ವರ್ಷ ಆಯುಸ್ಸನ್ನು ಕಳೆದುಕೊಳ್ಳುತ್ತಾರೆಂದು ಅವರು ಕಂಡರು. ಸೇದುವ ಹೆಂಗಸರ ಸಂಖ್ಯೆ ನಮ್ಮಲ್ಲಿ ಕಡಮೆ. 2016–17ರ ಸಮೀಕ್ಷೆಯಂತೆ ನೂರಕ್ಕೆ ಇಬ್ಬರು, ಗಂಡಸರಾದರೆ ನೂರಕ್ಕೆ 19 ಮಂದಿ. ಸಂಖ್ಯೆ ಕಡಮೆಯೆಂದು ಸೇದುವವಳ ನಷ್ಟ ಕಡಮೆಯಾಗಲಿಲ್ಲ.

ಇದುವರೆಗೆ ಹೇಳಿದ್ದು ಸಾವಿನ ಲೆಕ್ಕ. ನನಗೆ ಇದರಲ್ಲಿ ತೃಪ್ತಿಯಿಲ್ಲ. ಮಿತಿಮೀರಿ ಸೇದುವವನಿಗೆ ಸಾವಿನ ಹೆದರಿಕೆ ಹುಟ್ಟಿಸುವುದು ಸುಲಭವಲ್ಲ. ‘ಎಂದಿದ್ದರೂ ಸಾಯುವುದೇ ತಾನೆ’ ಎಂಬ ಉತ್ತರ ಅವನಲ್ಲಿ ಸಿದ್ಧವಾಗಿರುತ್ತದೆ. ಬದುಕಿರುವಷ್ಟು ಕಾಲ ಬದುಕಿನಿಂದ ಏನೇನು ಉದುರಿಹೋಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ದಿನಕ್ಕೆ ಒಂದು ಕಟ್ಟು ಬೀಡಿ ಎಂದಿಟ್ಟುಕೊಳ್ಳಿ. ಕಟ್ಟಿಗೆ 25ರಂತೆ ವರ್ಷಕ್ಕೆ 9,125 ಬೀಡಿ. ಬೀಡಿ ಆರಿಹೋಗದಂತೆ ಸಿಗರೇಟಿಗಿಂತ ಹೆಚ್ಚು ಸಲ, ಹೆಚ್ಚು ಜೋರಾಗಿ ಎಳೆಯಬೇಕು. ಸಣ್ಣದಾದ್ದರಿಂದ ಸೌಮ್ಯ ಎನ್ನುವುದು ಬರಿಯ ಭ್ರಮೆ. ಮೊದಲು ಹೋಗುವುದು ಮೂಗು ಮತ್ತು ನಾಲಗೆ. ಬಸ್ಸಾರಿನ ಒಗ್ಗರಣೆಯ ಘಮವೂ ಮಲ್ಲಿಗೆಯ ಕಂಪೂ ಮಸುಕಾಗುತ್ತವೆ. ಆಮೇಲೆ ಬೆಳಗಿನ ಕೆಮ್ಮು, ಕಫ. ಅದನ್ನು ಸೇದುವವನು ಕಾಯಿಲೆಯೆಂದು ಎಣಿಸುವುದೇ ಇಲ್ಲ, ಮುಖ ತೊಳೆಯುವಷ್ಟೇ ಸಹಜವೆಂದುಕೊಳ್ಳುತ್ತಾನೆ. ಆಮೇಲೆ ಉಸಿರು.

ಗಣಿ ಕಾರ್ಮಿಕರ ಶ್ವಾಸಕೋಶಗಳನ್ನು ಅಭ್ಯಸಿಸಿದ ಚಾರ್ಲ್ಸ್ ಫ್ಲೆಚರ್ ಎಂಬ ಬ್ರಿಟಿಷ್ ವೈದ್ಯರು ಏದುಸಿರನ್ನು ಅಳೆಯಲು ಐದು ಮೆಟ್ಟಿಲಿನ ಒಂದು ಅಳತೆಗೋಲನ್ನು ಮಾಡಿದರು. ಯಂತ್ರ ಬೇಡ, ಪ್ರಶ್ನೆ ಸಾಕು. ಕಷ್ಟದ ಕೆಲಸದಲ್ಲಿ ಮಾತ್ರ ಏದುಸಿರು ಬಂದರೆ ಮೊದಲ ಮೆಟ್ಟಿಲು. ಬಿರುಸಾಗಿ ನಡೆದಾಗ, ಸಣ್ಣ ದಿಣ್ಣೆ ಹತ್ತುವಾಗ ಬಂದರೆ ಎರಡನೆಯದು. ಸಮನೆಲದಲ್ಲೇ ಓರಗೆಯವರ ಹಿಂದೆ ಬೀಳುವವನು ಮೂರನೆಯದರಲ್ಲಿ. ನೂರು ಗಜ ನಡೆದು ನಿಲ್ಲಬೇಕಾದವನು ನಾಲ್ಕನೆಯದರಲ್ಲಿ. ಐದನೆಯ ಮೆಟ್ಟಿಲಿಗೆ ಬಂದವನು ಮನೆ ಬಿಟ್ಟು ಹೊರಡಲಾರ, ಅಂಗಿ ಕಳಚುವುದಕ್ಕೂ ಅವನಿಗೆ ಉಸಿರು ಸಾಲದು. ತಾಳಬೆಟ್ಟದಿಂದ ಮಾದಪ್ಪನ ಗುಡಿಗೆ ನಡೆದುಹೋಗುವ ಪರಿಷೆಯನ್ನು ಕಂಡವರಿಗೆ ಈ ಅಳತೆಗೋಲು ಬೇಗ ಅರ್ಥವಾಗುತ್ತದೆ. ಎರಡನೆಯ ಮೆಟ್ಟಿಲಿನವನಿಗೆ ಆ ನಡಿಗೆ ಕಷ್ಟ. ಮೂರನೆಯದರವನು ಬಸ್ಸು ಹತ್ತುತ್ತಾನೆ. ಐದನೆಯದರವನು ಮಗ ತಂದುಕೊಡುವ ಪ್ರಸಾದಕ್ಕೆ ಕೈಯೊಡ್ಡುತ್ತಾನೆ. ಇವರಲ್ಲಿ ಯಾರೂ ಸತ್ತಿಲ್ಲ. ಸಾವಿನ ಪಟ್ಟಿಯಲ್ಲಿ ಇವರ ಹೆಸರಿಲ್ಲ.

ಗಂಡಸಿನ ಇನ್ನೊಂದು ನಷ್ಟ ಕಾಲಿನದು. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರಿಸಿದ ರೋಗವೊಂದಿದೆ. ನಡುವಯಸ್ಸು ದಾಟದ, ಹೊಗೆಸೊಪ್ಪನ್ನು ಬಿಡದ ಗಂಡಸರಲ್ಲೇ ಹೆಚ್ಚಾಗಿ ಕಾಣುವ ಈ ರೋಗದಲ್ಲಿ ಕಾಲಿನ ರಕ್ತನಾಳಗಳು ಕಟ್ಟಿಕೊಂಡು ಬೆರಳು ಕಪ್ಪಾಗುತ್ತವೆ. ಬೀಡಿ ಬಿಟ್ಟರೆ ಕಾಲು ಉಳಿಯುವ ಸಂಭವ ಹೆಚ್ಚು. ಬಿಡದಿದ್ದರೆ ಬೆರಳು, ಪಾದ, ಮೊಣಕಾಲು ಎಂದು ಕತ್ತರಿ ಮೇಲೇರುತ್ತದೆ. ಉತ್ತ ನೆಲವನ್ನೇ ನಂಬಿದವನ ಪಾಲಿಗೆ ಇದಕ್ಕಿಂತ ಘೋರವೇನಿದೆ? ಪುರುಷತ್ವಕ್ಕೂ ಇದೇ ಹೊಗೆ ಕುಂದು ತರುತ್ತದೆ. ಆ ಮಾತನ್ನು ಗಂಡಸರು ವೈದ್ಯರ ಮುಂದೆಯೂ ಆಡುವುದಿಲ್ಲವಾದ್ದರಿಂದ ಆ ದುಃಖ ಮನೆಯೊಳಗೇ ಬೇರೆ ರೂಪಗಳಲ್ಲಿ ಹೊರಬೀಳುತ್ತದೆ.

ಹೆಂಗಸಿನ ನಷ್ಟ ಇನ್ನೂ ಕವಲೊಡೆದದ್ದು. ಸೇದುವವಳಿಗೆ ಗರ್ಭ ನಿಲ್ಲುವುದು ತಡ, ನಿಂತರೆ ಕೂಸು ತೂಕದಲ್ಲಿ ಕಡಮೆ, ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯ. ಮುಟ್ಟು ನಿಲ್ಲುವುದು ಒಂದೆರಡು ವರ್ಷ ಮೊದಲು. ಮೂಳೆ ಬೇಗ ಸವೆಯುತ್ತದೆ, ಮುಪ್ಪಿನಲ್ಲಿ ಜಾರಿಬಿದ್ದರೆ ಸೊಂಟದ ಮೂಳೆ ಮುರಿಯುವ ಸಂಭವ ಹೆಚ್ಚು. ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ಬಹುಪಾಲು ಮಂದಿ ಸೇದುವವರಲ್ಲ. ಅವರಿಗೆ ಬರುವುದು ಇನ್ನೊಬ್ಬರ ಹೊಗೆ. 1981ರಲ್ಲಿ ಜಪಾನಿನ ತಕೇಶಿ ಹಿರಾಯಾಮ ಅವರು 91,540 ಮಂದಿ ಸೇದದ ಗೃಹಿಣಿಯರ ಲೆಕ್ಕವನ್ನು ಪ್ರಕಟಿಸಿದಾಗ ಲೋಕ ಬೆಚ್ಚಿಬಿದ್ದಿತು. ದಿನಕ್ಕೆ 20 ಸಿಗರೇಟೋ ಅದಕ್ಕೆ ಮೇಲೋ ಸೇದುವವರ ಹೆಂಡಂದಿರು ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಸಂಭವ, ಸೇದದವರ ಹೆಂಡಂದಿರದಕ್ಕಿಂತ ಸುಮಾರು ಎರಡು ಪಟ್ಟು. ಇದರ ಮೇಲೆ ನಮ್ಮಲ್ಲಿ ಒಲೆಯ ಹೊಗೆ. ಮೈಸೂರು ಸೀಮೆಯ ಹಳ್ಳಿಗಳ ಸೇದದ ಹೆಂಗಸರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ದಿನಕ್ಕೆ ಒಲೆಯ ಮುಂದೆ ಕೂರುವ ಗಂಟೆಗಳನ್ನು ವರ್ಷಗಳಿಂದ ಗುಣಿಸಿದಾಗ ಮೊತ್ತ 60ನ್ನು ಮುಟ್ಟಿದರೆ ಬಿಡದ ಕೆಮ್ಮು ಕಫದ ಕಾಯಿಲೆಯ ಅಪಾಯ ಏರುತ್ತದೆಂದು ತೋರಿಸಿತು. ದಿನಕ್ಕೆ ಮೂರು ಗಂಟೆ, ಇಪ್ಪತ್ತು ವರ್ಷ: ಹದಿನೆಂಟಕ್ಕೆ ಮದುವೆಯಾಗಿ ಬಂದವಳು ಮೂವತ್ತೆಂಟಕ್ಕೆ ಆ ಗಡಿಯಲ್ಲಿರುತ್ತಾಳೆ. ಒಲೆಯ ಹೊಗೆ ಅಡಿಗೆಮನೆಯಿಂದ, ಬೀಡಿಯ ಹೊಗೆ ಜಗಲಿಯಿಂದ. ನಡುಮನೆಯಲ್ಲಿ ಎರಡೂ ಸೇರುತ್ತವೆ.

ಇಲ್ಲಿ ಕೊಳ್ಳೇಗಾಲದ ಸೀಮೆಯ ಒಂದು ವಿಶೇಷವನ್ನು ಹೇಳಲೇಬೇಕು. ಮದರಾಸು ಪ್ರಾಂತದ ರೇಷ್ಮೆ ಕೃಷಿಯ ಬಹುಭಾಗ ಒಂದು ಕಾಲಕ್ಕೆ ಈ ಒಂದೇ ತಾಲ್ಲೂಕಿನಲ್ಲಿತ್ತು. ರೇಷ್ಮೆ ಹುಳುವಿನಷ್ಟು ನಿಕೋಟಿನ್ನಿಗೆ ಅಂಜುವ ಪ್ರಾಣಿ ಅಪರೂಪ. ಹೊಗೆಸೊಪ್ಪಿನ ಹೊಲದ ಪಕ್ಕದಲ್ಲಿ ಬೆಳೆದ ಹಿಪ್ಪುನೇರಳೆ ಎಲೆಯನ್ನು ತಿಂದರೂ ಸಾಕು, ಹುಳು ತಲೆಯೆತ್ತಿ, ಕಕ್ಕಿ, ಸೆಟೆದು ಸಾಯುತ್ತದೆ. ಆದ್ದರಿಂದ ಹುಳು ಸಾಕುವ ಮನೆಯಲ್ಲಿ ಬೀಡಿಗೆ ಪ್ರವೇಶವಿಲ್ಲ. ಸೇದಿದ ಕೈಯಲ್ಲಿ ತಟ್ಟೆ ಮುಟ್ಟುವಂತಿಲ್ಲ, ಸೊಪ್ಪು ಹಾಕುವಂತಿಲ್ಲ. ಬಡವರ ಮನೆಗಳಲ್ಲಿ ಹುಳುವಿಗೆ ಬೇರೆ ಕೋಣೆ ಎಲ್ಲಿಂದ ಬರಬೇಕು? ವಾಸದ ಮನೆಯೇ ಹುಳುಮನೆ. ಮರಿ ಎದ್ದು, ನಾಲ್ಕು ಜ್ವರ ಕಳೆದು, ಹಣ್ಣಾಗಿ ಚಂದ್ರಿಕೆ ಏರುವವರೆಗಿನ ಸುಮಾರು ಇಪ್ಪತ್ತೈದು ದಿನ ಎಂಥ ಚಟಗಾರನೂ ಬೀಡಿ ಹಿಡಿದು ಬೀದಿಗೆ ಹೋಗುತ್ತಾನೆ. ಯಾವ ಸರ್ಕಾರವೂ ಈ ಕಟ್ಟಳೆಯನ್ನು ಮಾಡಲಿಲ್ಲ; ಬಹಳ ಮನೆಗಳಲ್ಲಿ ಇದನ್ನು ಹೇಳಿ ನಡೆಸುವವಳು ಸೊಪ್ಪು ಹಾಕುವ ಹೆಂಗಸೇ. ಗೂಡು ಬಿಡಿಸಿ ಸಂತೆಗೆ ಹೋದ ಮೇಲೆ ಬೀಡಿ ಮತ್ತೆ ಒಳಗೆ ಬರುತ್ತದೆ. ಅದೇ ಮನೆಯಲ್ಲಿ ತೊಟ್ಟಿಲೂ ಇರುತ್ತದೆ. ಹುಳುವಿಗೆ ಬೆಲೆಯುಂಟು ಎಂದು ತಿಳಿದವರಿಗೆ ಕೂಸಿನ ಉಸಿರಿಗೆ ಬೆಲೆಯಿದೆಯೆಂದು ತಿಳಿಯದೆಂದಲ್ಲ. ಹುಳು ಅಂದೇ ಸಾಯುತ್ತದೆ. ಮನುಷ್ಯರು ನಿಧಾನವಾಗಿ ಕೆಮ್ಮುತ್ತಾರೆ.

ಕಾನೂನೂ ನಿಧಾನವಾಗಿಯೇ ಬಂತು. 1975ರ ಕಾಯಿದೆ ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆಯ ಒಂದು ಸಾಲನ್ನು ಅಚ್ಚುಹಾಕಿಸಿತು. ಬೀಡಿಯ ಕಟ್ಟಿಗೆ ಅದು ಅನ್ವಯಿಸಲಿಲ್ಲ. 2003ರ ಕಾಯಿದೆ ಎಲ್ಲ ಬಗೆಯ ತಂಬಾಕನ್ನೂ ಹಿಡಿಯಿತು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದರ ಮೇಲಿನ ನಿಷೇಧ ಬಿಗಿಯಾಯಿತು. ಬಸ್ಸಿನಲ್ಲಿ, ಹೋಟೆಲಿನಲ್ಲಿ ಹೊಗೆ ಕಡಮೆಯಾದದ್ದನ್ನು ನಾವೆಲ್ಲ ಕಂಡಿದ್ದೇವೆ. ಅದರೆ ಕಾನೂನು ಹೊಸಿಲಿನ ಹೊರಗೇ ನಿಲ್ಲುತ್ತದೆ, ಹೆಂಗಸಿನ ಪಾಲಿನ ಹೊಗೆ ಇರುವುದು ಹೊಸಿಲಿನ ಒಳಗೆ.

ಬಿಟ್ಟವರ ಕಥೆಯನ್ನೂ ಹೇಳಿ ಮುಗಿಸುತ್ತೇನೆ. ಫ್ಲೆಚರ್ ಅವರು ರಿಚರ್ಡ್ ಪೀಟೋ ಅವರೊಡನೆ ಲಂಡನ್ನಿನ ದುಡಿಯುವ ಗಂಡಸರ ಉಸಿರನ್ನು ಎಂಟು ವರ್ಷ ಅಳೆದು 1977ರಲ್ಲಿ ಬರೆದರು: ಹೊಗೆಗೆ ಸುಲಭವಾಗಿ ತುತ್ತಾಗುವವನ ಶ್ವಾಸಕೋಶದಲ್ಲಿ ಕಳೆದುಹೋದ ಶಕ್ತಿ ಮರಳಿ ಬಾರದು, ಆದರೆ ಬಿಟ್ಟ ಮೇಲೆ ಅದು ಕುಸಿಯುವ ವೇಗ ಸೇದದವನ ಮಟ್ಟಕ್ಕೆ ಇಳಿಯುತ್ತದೆ. ಎಂದರೆ ಎರಡನೆಯ ಮೆಟ್ಟಿಲಿನಲ್ಲಿ ಬಿಟ್ಟವನು ಐದನೆಯದನ್ನು ಕಾಣದೆಯೇ ಇರಬಹುದು. ವೈದ್ಯರ ಐವತ್ತು ವರ್ಷಗಳ ಲೆಕ್ಕದಲ್ಲಿ ಮೂವತ್ತಕ್ಕೆ ಬಿಟ್ಟವರು ಕಳೆಯಬೇಕಾಗಿದ್ದ ಹತ್ತು ವರ್ಷಗಳನ್ನು ಹೆಚ್ಚುಕಡಮೆ ಪೂರ್ತಿಯಾಗಿ ಉಳಿಸಿಕೊಂಡಿದ್ದರು. ನಲವತ್ತಕ್ಕೆ ಬಿಟ್ಟವರು ಒಂಬತ್ತು, ಐವತ್ತಕ್ಕೆ ಬಿಟ್ಟವರು ಆರು, ಅರವತ್ತಕ್ಕೆ ಬಿಟ್ಟವರು ಮೂರು. ನಾಲಗೆ ಮತ್ತು ಮೂಗಿಗೆ ಇಷ್ಟು ಕಾಲ ಬೇಡ. ಕೆಲವು ವಾರಗಳಲ್ಲೇ ಬಸ್ಸಾರಿನ ಒಗ್ಗರಣೆ ಮತ್ತೆ ಘಮಘಮಿಸತೊಡಗುತ್ತದೆ.